ಅರ್ಧ ಚೀಲ ಸುಣ್ಣ

ಶನಿವಾರ ಮುಂಜಾನಿಗೇ ಪಂಚಾಯ್ತಿ ಗ್ವಾಡಿ ತುಂಬಿತ್ತು,
ಒಂದು ಪೋಸ್ಟರಿನ ಮೈಮ್ಯಾಲ ಇನ್ನೊಂದು:
ಕಣ್ಣಿನ ತಪಾಸಣಿ, ಚಾಪೆಲ್ಲಿನ ಅಂಗಳದಾಗ ಹೌಸಿ,
ರಾತ್ರಿ ತಿಯಾತ್ರ, ಭಜನಿ ಸಪ್ತಾಹದ ಮಂಗಳ,
ಎಲ್ಲೂ ಬರೀದಿದ್ರೂ ಎಲ್ಲಾರಿಗೂ ಗೊತ್ತಿದ್ದ ಗೂಳಿ ಕಾಳಗ,
ಆಯ್ತವಾರ ವಾಸ್ಕೋದಾಗ ನಮ್ಮ ಸಂಘದ ರಾಜ್ಯೋತ್ಸವ,
ನವೆಂಬರ್ ಒಂದು ದಾಟಿ ಹದಿನೈದು ದಿನಕ್ಕ,
ಹಾಲ್ ಖಾಲಿ ಸಿಕ್ಕಾಗ.

ಕುರ್ಚಿ ಇಳಸಾಕ ಹುಲಗಪ್ಪ,
ಬಲ್ಬಿನ ಸರ ಕಟ್ಟಾಕ ಹುಲಗಪ್ಪ,
ಗೂಳಿ ಹೊಲದ ದಾರಿಗೆ ಪೊಲೀಸ್ ಬಂದ್ರ
ಸೀಟಿ ಊದಾಕೂ ಹುಲಗಪ್ಪನ.
ಪೊಲೀಸ್ ಬರಲಿಲ್ಲ. ಜೀಪು ಹೌಸಿ ಅಂಗಳದಾಗ ನಿಂತಿತ್ತು,
ಸಾಹೇಬ್ರಿಗೆ ಒಂದು ಲೈನ್ ಹತ್ತಿತ್ತಂತ.

ನನ್ನ ಖರೇ ಕೆಲಸ ಗೆರಿ ಹೊಡಿಯೂದು.
ಹಗ್ಗ ಬಿಗದು, ಸುಣ್ಣದ ಗಾಡಿ ದೂಡಿ,
ಹದಿನೆಂಟು ಗಜದ ಡಬ್ಬಿ, ಆರು ಗಜದ ಡಬ್ಬಿ, ನಡುವಿನ ಗುಂಡು.
ಹದಿನಾಲ್ಕು ವರ್ಷ ಆತು, ಈ ಮೈದಾನದ ಹಣಿಗೆ
ಇಬತ್ತಿ ಹಚ್ಚಾಂವ ನಾನ.

ಆಯ್ತವಾರ ಹನ್ನೆರಡಕ್ಕ ಹುಡಿಗ್ಯಾರ ಮ್ಯಾಚು,
ನಾಲ್ಕಕ್ಕ ಪ್ರೊಫೆಷನಲ್ ಲೀಗಿಂದು.
ಸೆಕ್ರೆಟರಿ ಆಂತೋನ್ ಬಾಬ್ ಅಂದದ್ದು ಇಷ್ಟ:
"ಸಂಜಿಗೆ ಟೀವಿಯವರು ಬರ್ತಾರ."
ಸುಣ್ಣ ಕಡಿಮಿ ಹಾಕು ಅಂತ ಅಂದಿಲ್ಲ ಅಂವ.
ಅಂದಿಲ್ಲ.
ಮಧ್ಯಾಹ್ನ ನನ್ನ ಕೈಯಾಗ ಗಾಡಿ ತಾನ ಜೋರ್ ಓಡಿತು.

ಗೋಲಿನಾಗ ಗಾಳೆಮ್ಮ, ಝುವಾರಿನಗರದಾಕಿ,
ನಮ್ಮ ಗದಗ ಕಡೆ ಕೂಸು.
ಗೆಳತ್ಯಾರು ಗೋಲೆಮ್ಮ ಅಂತಾರ.
ಗೆದ್ದ ದಿನ ಊರಿಗೆ ಆಕಿ 'ಆಮ್ಚೆಂ ಚೆಡುಂ',
ಸೋತ ದಿನ 'ಘಾಂಟಿ'.

ಎಪ್ಪತ್ತನೇ ನಿಮಿಷ, ಎತ್ತರದ ಚೆಂಡು ಒಂದು.
ಓಡಿ ಬಂದು ಹಾರಿ ಅವಚಿದ್ಲು.
ಬಿದ್ದಲ್ಲಿ ಗೆರಿ ಇತ್ತೋ ಇಲ್ಲೋ,
ಕುಂತು ನೋಡಿದ್ರ ಇತ್ತು, ನಿಂತು ನೋಡಿದ್ರ ಬರೇ ಬಿಸಲು.
ರೆಫ್ರಿ ಕೆಂಪು ಕಾರ್ಡ್ ತಗದ.
"ಹೊರಗ ಹಿಡದಿ."
"ಯಾವುದರ ಹೊರಗ?"
ಆ ಒಂದು ಮಾತಿಗೆ ಇನ್ನೆರಡು ಮ್ಯಾಚ್ ಹೆಚ್ಚಿಗಿ ಶಿಕ್ಷಾ.

ನಾಲ್ಕಕ್ಕ ಗೆರಿ ಅಂಗೈ ಅಗಲ,
ಗಡಗಿ ಹಾಲು ಸುರುವಿದಂಗ.
ಕ್ಯಾಮೆರಾದಾಂವ ನನಗ ಹೆಬ್ಬೆಟ್ಟು ಎತ್ತಿ ತೋರಿಸಿದ.
ಹೆದ್ದಾರಿ ಹೋರ್ಡಿಂಗಿನಾಗ ಪ್ರೋಟೀನ್ ಡಬ್ಬಿ ಹಿಡಕೊಂಡು
ನಗಾಂವ ಒಬ್ಬ ಅದಾನಲ್ಲ, ಅವನ ಗೋಲ್‌ಕೀಪರು.
ಪೂರಾ ಎರಡು ಹೆಜ್ಜಿ ದಾಟಿ ಬಂದು ಚೆಂಡು ಹಿಡಿದ,
ನನ್ನ ಸುಣ್ಣ ಅವನ ಹಿಮ್ಮಡಕ್ಕ ಮೆತ್ತಿತ್ತು.
ರೆಫ್ರಿ, ಅದ ರೆಫ್ರಿ, ಅದ ಸೀಟಿ,
ಗಡಿಯಾರ ನೋಡಿಕೊಂಡ.
ಲೈನ್ಸ್‌ಮನ್ ಬಾವುಟ ಎತ್ತಿದ್ರ ಅದನ್ನ ಕಸಗೊಂಡು ಒಗದ, ಈ ನಗಾಂವ.
ಮೈಕಿನಾಗ ಕಾಮೆಂಟ್ರಿ: ಗೆಲ್ಲೂ ಹಟ ಅಂದ್ರ ಇದು!
ಮಂದಿ ಚಪ್ಪಾಳಿ ಹೊಡದ್ರು.
ನಾನೂ ಒಂದೆರಡು ಹೊಡದೆ, ಕೈಗೆ ರೂಢಿ;
ಅಂಗೈಯಿಂದ ಬೆಳ್ಳಗ ಹೊಗಿ ಎದ್ದಿತು.

ಎಲ್ಲಾ ಮುಗಿದ ಮ್ಯಾಲೂ ನಳದ ಬಾಜೂಕ
ಅರ್ಧ ಚೀಲ ಕುಂತಿತ್ತು, ಹೊಟ್ಟಿ ಬಂದ ಸೆಕ್ರೆಟರಿಯಂಗ.

ವಾಸ್ಕೋ ಮುಟ್ಟಿದಾಗ ಒಂಬತ್ತು.
ಭಾಷಣ ಆಗಿ, ತಾಯಿಗೆ ಮಂಗಳಾರತಿನೂ ಆಗಿತ್ತು.
ಗಾಳೆಮ್ಮಗ ಅಂತ ತಂದ ಶಾಲು,
'ಗೋವಾದಾಗ ಕನ್ನಡತಿಯ ಕೀರ್ತಿ' ಅಂತ ಛಾಪಿಸಿದ ಫಲಕ ಬ್ಯಾರೆ,
ಮಧ್ಯಾಹ್ನದ ಸುದ್ದಿ ಬಂದ ಕೂಡ್ಲೆ
ಫಲಕ ಮೇಜಿನ ಕೆಳಗ ಹೋತು,
ಶಾಲು ಮಾಪ್ಸಾದ ಲಾಡ್ಜ್ ಮಾಲಕರ ಹೆಗಲಿಗೆ.
ಹೋದ ವರ್ಷ ಅವರ ಮ್ಯಾಲ ಕೇಸಿತ್ತು. ಇರಲಿ.

ಚಿತ್ರಾನ್ನ ಬಡಸಾಕ ಹುಲಗಪ್ಪ.
ಸಾಲಿನಾಗ ಆಕಿ, ಮೊಣಕಾಲಿಗೆ ಇನ್ನೂ ಕೆಮ್ಮಣ್ಣು.
"ಕಾಕಾ, ಮಧ್ಯಾಹ್ನ ಸುಣ್ಣ ತೀರಿತ್ತೇನು?"
"ತೀರಿತ್ತವ್ವ," ಅಂದೆ.
ಆಕಿ ನನ್ನ ಮಾರಿ ನೋಡಲಿಲ್ಲ, ಸೌಟು ಹಿಡದ ಕೈ ನೋಡಿದ್ಲು,
ಎರಡು ಸಲ ತೊಳದ್ರೂ ಉಗುರ ಸಂದಿ ಬೆಳ್ಳಗ.

ಒಂದು ಸೌಟು ಹೆಚ್ಚಿಗಿ ಹಾಕಿದೆ.
ಅದನ್ನ ಹಂಗ, ಒಂದು ಅಗಳು ಚೆಲ್ಲದಂಗ,
ಪಕ್ಕದಾಕಿ ತಾಟಿಗೆ ಸರಿಸಿ
ಮುಂದ ಹೋದ್ಲು.