ಜವಾರಿ

ಮಿರಜ ಸ್ಟೇಶನ್ ರೋಡಿನ ಗಾಜಿನ ಅಂಗಡಿಯಾಗ
ಗಿಟಾರಿನ ತಲಿ ಮ್ಯಾಲೆ ಬಂಗಾರದ ಅಕ್ಷರದಾಗ ಹೆಸರು,
ಕೆಳಗ ಚೀಟಿ: ಹನ್ನೊಂದು ಸಾವಿರದ ಒಂಬೈನೂರು.
ಹುಡುಗ ಮರಾಠಿಯೊಳಗ ತಿಳಿಸಿ ಹೇಳಿದ,
ಹೆಸರಿದ್ದರ ನಾಳೆ ಮಾರೂವಾಗ ರೊಕ್ಕ ವಾಪಸ್ ಬರತಾವ, ಕಾಕಾ.
ಇನ್ನೂ ಕೊಂಡಿಲ್ಲ, ಆಗಲೇ ಮಾರೂ ಮಾತು.
ನನ್ನ ಕಿಸೆದಾಗ ನಾಲ್ಕು ಸಾವಿರ,
ಮತ್ತ ಐವತ್ತೊಂದು ವರ್ಷದ ಹತ್ತು ಬೆರಳು.

ನಾನು ದವಾಖಾನಿ ಎಕ್ಸ್‌ರೇ ಖೋಲಿಯವ.
ಜತ್ತದ ಕಡಿಂದ ಬಂದು ಇಪ್ಪತ್ತಾರು ವರ್ಷ,
ದಿನಾ ಎರಡು ಭಾಷೆದಾಗ ಅದ ಮಾತು:
ಉಸಿರು ಹಿಡೀರಿ. ಹಂಗ ಇರ್ರಿ. ಬಿಡ್ರಿ.

ಅಲ್ಲಿಂದ ಸಿತಾರದವರ ಓಣಿಗೆ ಹೊಳ್ಳಿದೆ.
ದಸ್ತಗೀರ ಚಾಚಾನ ಅಂಗಡಿ ಜಂತಿಗೆ
ಭೀಮಾ ದಂಡಿಯ ಒಣ ಸೋರೆ ಬುರುಡಿ ಜೋತಾಡತಿದ್ದವು,
ಆ ಬಸರೇರ ಸಾಲಿನ್ಯಾಗ
ಪೋಸ್ಟ್‌ಮ್ಯಾನ್‌ನಂಗ ಚಪ್ಪಟಿ ನಿಂತಿತ್ತು ಒಂದು ಗಿಟಾರು.
ತಲಿ ಮ್ಯಾಲೆ ಹೆಸರಿಲ್ಲ. ಒಳಗ ಚೀಟಿ ಇಲ್ಲ.

ಯಾವ ಕಂಪನಿ?
ಎಂಥಾ ಕಂಪನಿ! ಸಾವಂತವಾಡಿ ಕಡೆ ಒಬ್ಬ ಬಡಗಿ,
ವರ್ಷಕ್ಕ ಎಂಟು ಛಲೋ ಮಾಡತಾನ,
ಒಂಬತ್ತನೇದು ಕೆಟ್ಟರೂ ಕಳಸತಾನ.
ಇದು ಎಂಟನೇದೋ ಒಂಬತ್ತನೇದೋ, ನೀವ ನೋಡ್ರಿ.

ನೋಡಿದೆ.
ಕುತ್ತಿಗಿ ಹಿಡದು ಬಂದೂಕಿನಂಗ ಕಣ್ಣಿಗೆ ಏರಿಸಿದೆ, ನೆಟ್ಟಗಿತ್ತು.
ಹನ್ನೆರಡನೇ ಮನಿಯಾಗ ತಂತಿ ಕೆಳಗ
ಚಾಚಾ ಎರಡು ರೂಪಾಯಿ ನಾಣ್ಯ ತೂರಿಸಿದ,
ಒಂದು ಹೋತು, ಜೋಡಿ ಸಿಗಿಬಿತ್ತು.
ಭೇಷ್. ತಂತಿ ಎತ್ತರ ಇದ್ದರ ಬೆರಳಿನ ರಕ್ತ ಕುಡಿತಾವ.
ಕುದುರಿ ಬುಡಕ್ಕ ಹಳೇ ಪೋಸ್ಟ್‌ಕಾರ್ಡ್ ತುರುಕಿ ನೋಡಿದ,
ಒಳಗ ಹೋಗಲಿಲ್ಲ.
ಬಾಯಿ ಅಂಚಿಗೆ ಉಗುರು ಎಳೆದು ಅಂದ,
ಸುಳ್ಳು ಯಾಕ, ಇದು ಪ್ಲಾಯ್‌ವುಡ್.
ಅಖಂಡ ಹಲಗಿ ಆಗಿದ್ದರ ಈ ಗೆರಿ ಕೆಳತನ ಇಳೀತಿತ್ತು,
ರೇಟೂ ಮ್ಯಾಲತನ ಏರತಿತ್ತು.

ಮೊಬೈಲ್ ಬೆಳಕು ಒಳಗ ಬಿಟ್ಟೆ.
ಪಕ್ಕೆಲಬು.
ಒಂದರ ಮ್ಯಾಲೆ ಅಂಟು ಗಂಟುಗಟ್ಟಿತ್ತು,
ಮುರದು ಕೂಡಿದ ಎಲುಬಿನಂಗ.
ಇಂಥವು ದಿನಾ ನೋಡತೀನಿ. ಎದ್ದು ನಡದು ಮನಿಗೆ ಹೋಗತಾರ.

ಬಾರಿಸಿದರ, ಮೂರನೇ ತಂತಿ ಐದನೇ ಮನಿ:
ಝೊಂಯ್.
ಚಾಚಾ ನಕ್ಕ. ಈ ಸಪ್ಪಳ ಸಿತಾರಕ್ಕ ತರಾಕ
ನಾ ಎರಡು ದಿನ ಕೂಡತೀನಿ, ಕುದುರಿ ಉಜ್ಜಿ ಉಜ್ಜಿ.
ಜವಾರಿ ಅಂತೀವಿ. ಗಿಟಾರಿಗೆ ಬಂದರ ಅದ ರೋಗ.

ನಮ್ಮ ಕಡೆ ಜವಾರಿ ಅಂದರ ಬ್ಯಾರೆ, ಚಾಚಾ.
ಜವಾರಿ ಕೋಳಿ. ಜವಾರಿ ಬದನಿ.
ಕಂಪನಿ ಪಾಕೀಟಿನ್ಯಾಗ ಬರಲಾರದ್ದು,
ಅವ್ವ ಕುಡಕಿಯೊಳಗ ಬೂದಿ ಬೆರಸಿ ಇಟ್ಟ ಬೀಜ.

ಅವ ಸ್ವಲ್ಪ ಹೊತ್ತು ಸುಮ್ಮಕಿದ್ದ.
ಹಂಗಾರ ಇದು ಎರಡೂ ರೀತಿಲೆ ಜವಾರಿ ಅನ್ರಿ,
ಅಂದು ಅರ ತಗೊಂಡ.
ಒಮ್ಮೆ ಎಳೆದ, ಕಿವಿ ಹಚ್ಚಿದ. ಮತ್ತೊಮ್ಮೆ.
ಹಿತ್ತಾಳಿ ಪುಡಿ ಮೊಣಕಾಲ ಮ್ಯಾಲೆ ಬಿತ್ತು.
ಉಸಿರು ಬಿಡ್ರಿ ಅಂದ.
ನಾ ಹಿಡದಿದ್ದು ನನಗ ಗೊತ್ತಿರಲಿಲ್ಲ.

ಮೂರು ಸಾವಿರದ ಇನ್ನೂರು. ಹೊಸ ತಂತಿ ಬ್ಯಾರೆ.
ಚೀಲ ಇಲ್ಲ, ಆಪರೇಶನ್ ಖೋಲಿಯ ಹಳೇ ಹಸರು ಅರಬಿಯಾಗ ಸುತ್ತಿ
ಸಿಟಿ ಬಸ್ಸಿನ್ಯಾಗ ತೊಡಿ ಮ್ಯಾಲೆ ಮಲಗಿಸಿಕೊಂಡು ಬಂದೆ.
ಬಾಜೂದವ ಕೇಳಿದ, ಪೇಶಂಟಾ?

ಶೇವಂತಾ ತಲಿಮ್ಯಾಲಿನ ಖಾಲಿ ಜಾಗಾ ಸವರಿ
ನಿಮ್ಮ ಹೆಸರು ಬರಕೋರಿ, ಯಾರು ಬ್ಯಾಡ ಅಂತಾರ ಅಂದಳು.
ಪೆನ್ನು ತಗೊಂಡೆ. ಬರೀಲಿಲ್ಲ.
ಇನ್ನೂ ಎರಡು ಪಟ್ಟು ಕಲತಿಲ್ಲ.

ಡಿಸೆಂಬರಿನ ಥಂಡ್ಯಾಗ ರಾತ್ರಿಪಾಳಿ ಮುಗಿಸಿ ಬಂದು
ಮೂರನೇ ತಂತಿ ಐದನೇ ಮನಿ ಒತ್ತಿದೆ.
ಝೊಂಯ್. ವಾಪಸ್ ಬಂದಿತ್ತು.
ಕಟ್ಟಿಗಿ ಜಗ್ಗಿರಬೇಕು, ಚಾಚಾಗ ತೋರಸಬೇಕು.
ಐತಾರದಿಂದ ಐತಾರಕ್ಕ ಮುಂದ ಹಾಕತೀನಿ.
ಹೋಗೇನಿ ತಗೊ. ಬಿಸಲು ಬೀಳಲಿ.