ಭಿನ್ನರಾಶಿ ತನಕ

ಶಹಾಬಾದಿನ ನಾಕಾದಲ್ಲಿ ಟಂಟಂ ಇಳಿದು
ಕಲ್ಲುಪುಡಿಯ ದಾರಿಯಲ್ಲಿ ಹದಿನೈದು ನಿಮಿಷ ನಡೆದರೆ
ಚಪ್ಪಲಿಯ ಬಣ್ಣವೂ ಕಾಲಿನ ಬಣ್ಣವೂ ಒಂದೇ.
ಹಾಗೆ ಬೆಳ್ಳಗಾದ ಕಾಲಲ್ಲೇ
ಏಳನೇ ಇಯತ್ತೆಯ ಹೊಸ್ತಿಲು ದಾಟಿದೆ.

ಮೂವತ್ತೊಂದು ಮಕ್ಕಳು ಎದ್ದು ನಿಂತರು.
ನಮಸ್ತೇ ಟೀಚರ್ ಎಂಬ ಆ ಉದ್ದನೆಯ ರಾಗ,
ಅಫಜಲಪುರದಲ್ಲೂ ಅದೇ, ಸೇಡಂ ಕಡೆಯ ತಾಂಡಾದಲ್ಲೂ ಅದೇ.
ಎಲ್ಲರೂ ಕೂತ ಮೇಲೆ
ಒಂದು ದನಿ ಮಾತ್ರ ಹಿಂದೆ ಉಳಿದು
ತಡವಾಗಿ ಕೂರುತ್ತದೆ.

ನನ್ನ ಪರಿಚಯ ನನಗೆ ಬಾಯಿಪಾಠ.
ಆರು ಜೂನ್, ಆರು ಶಾಲೆ; ಇದು ಏಳನೆಯದು.
ಹೆಸರು, ಊರು, ವಿಷಯ, ಕೊನೆಗೊಂದು ನಗು.
ಸರಕಾರಿ ಕಾಗದದಲ್ಲಿ ನಾನು ಅತಿಥಿ ಶಿಕ್ಷಕಿ.
ಅತಿಥಿ ಎಂದರೆ ನಮ್ಮ ಕಡೆ
ಕಾಲಿಗೆ ನೀರು ಕೊಟ್ಟು, ಚಾ ಕುಡಿಸಿ,
'ಇನ್ನ ಎರಡು ದಿನ ಇರ್ರಿ' ಎಂದು
ಕೈಚೀಲ ಕಸಿದು ಒಳಗಿಡುವುದು.
ಕಾಗದಕ್ಕೆ ಅದೆಲ್ಲ ತಿಳಿಯದು.
ಅದಕ್ಕೆ ಗೊತ್ತಿರುವುದು ಮಾರ್ಚ್ ಮೂವತ್ತೊಂದು.

ಕರಿಹಲಗೆಯ ಅರ್ಧ ಬಣ್ಣ ಕಳಚಿತ್ತು.
ಉಳಿದರ್ಧದಲ್ಲಿ ಮಹಾನಂದಾ ಎಂದು ಬರೆದು
ಮುಂದೆ 'ತಂದೆ' ಬರೆಯಲೋ 'ಗಂಡ' ಬರೆಯಲೋ ಎಂದು
ಚಾಕ್‌ಪೀಸು ಗಳಿಗೆ ಹೊತ್ತು ತಡೆಯಿತು;
ರೇಷನ್ ಕಾರ್ಡಿನ ಚಟ, ಇನ್ನೇನಲ್ಲ.
ಒಂದು ಚುಕ್ಕೆ ಇಟ್ಟು ತಿರುಗಿದೆ.

'ನಾ ಮಹಾನಂದಾ. ಕಮಲಾಪುರದಾಕಿ. ಗಣಿತ ಹೇಳ್ತೀನಿ.
ಏನರ ಕೇಳೋದಿದ್ರ ಕೇಳ್ರಿ.'

ಕಿಟಕಿ ಪಕ್ಕದಿಂದ ರೇವಣಸಿದ್ಧ ಎದ್ದ,
ಕಣ್ಣರೆಪ್ಪೆಯ ಮೇಲೂ ಅಪ್ಪನ ಗಣಿಯ ಧೂಳು:
'ಭಿನ್ನರಾಶಿ ತನಕ ಇರ್ತೀರೇನ್ರಿ ಟೀಚರ್?'

ಯಾರೂ ನಗಲಿಲ್ಲ. ಅದಕ್ಕೇ ನಾನು ಹೆದರಿದೆ.
ಮುಂದಿನ ಸಾಲಿನ ಮೆಹಬೂಬಿ ಬಿಡಿಸಿ ಹೇಳಿದಳು:
ಐದನೇ ಇಯತ್ತೆಯ ಸರ್ ಭಿನ್ನರಾಶಿಯ ಅರ್ಧಕ್ಕೇ ಹೋದರಂತೆ,
ಆರನೆಯ ಟೀಚರ್ ಅಂಶದ ಪಾಠ ಮುಗಿಸಿ
ದೀಪಾವಳಿಗೆಂದು ಊರಿಗೆ ಹೋದವರು ಬರಲೇ ಇಲ್ಲವಂತೆ.
'ನಮಗ ಮ್ಯಾಲಿಂದು ಬರ್ತದ್ರಿ,
ಕೆಳಗಿಂದು ಬರಂಗಿಲ್ಲ.'

ಇರ್ತೀನಿ ಎನ್ನಬಹುದಿತ್ತು.
ಆರು ಕಡೆ ಅಂದಿದ್ದೆ. ಸುಳ್ಳು ಎಂದೇನಲ್ಲ,
ಅನ್ನುವಾಗ ಆರೂ ಸಲ ಅದು ಖರೇನೇ ಆಗಿತ್ತು.

ಈ ಸಲ ಬಾಯಿ ಏಳಲಿಲ್ಲ.
ನಿರಿಗೆ ಎತ್ತಿ ಹಿಡಿದು ನೆಲದ ಮೇಲೆ ಕೂತೆ.
ಫರಸಿಯ ನೆಲ; ಇರುಳಿನ ತಂಪು ಕಲ್ಲಿನಲ್ಲಿ ಇನ್ನೂ ಇತ್ತು.
'ಈ ಖೋಲಿಯೊಳಗ ಎಷ್ಟು ಫರಸಿ ಅದಾವ?'

ಉಳಿದವರು ಎಣಿಸಲು ಬೆರಳೆತ್ತುವ ಮೊದಲೇ ರೇವಣಸಿದ್ಧ:
'ಎರಡಕ್ಕ ಎರಡರ ಕಲ್ಲು, ಉದ್ದ ಹತ್ತು, ಅಡ್ಡ ಎಂಟು, ಎಂಬತ್ತು.
ಹಾಕಿದಾಂವ ಸರಿ ಹಾಕಿಲ್ರಿ,
ಆ ಮೂಲ್ಯಾಗ ನಾಕು ಒಡದಾವ.'

ಎಂಬತ್ತರಾಗ ನಾಕು.
ಯಾವುದು ಮ್ಯಾಲ, ಯಾವುದು ಕೆಳಗ?
ಮೂವತ್ತೊಂದು ತಲೆ ಒಡೆದ ಮೂಲೆಯ ಕಡೆ ಹೊರಳಿದವು.
ಮೆಹಬೂಬಿ ಧೂಳಿನಲ್ಲಿ ಒಂದು ಗೀಟು ಎಳೆದಳು,
ಮೇಲೆ ಬೇಗ ಬರೆದಳು.
ಕೆಳಗೆ ಎಂಬತ್ತು ಬರೆಯಲು
ಬಹಳ ಹೊತ್ತು ತೆಗೆದುಕೊಂಡಳು.

ಗಂಟೆ ಹೊಡೆದ ಮೇಲೆ ನೋಡಿದೆ
ಬಾಗಿಲ ಹಿಂದೊಂದು ಪಟ್ಟಿ ಇತ್ತು:
ಚಾಕ್‌ಪೀಸಿನಲ್ಲಿ ಐದು ಹೆಸರು, ಒಂದರ ಕೆಳಗೊಂದು,
ಸರ್‌ಗಳು, ಟೀಚರ್‌ಗಳು.
ಹೋದವರ ಹೆಸರನ್ನು ಯಾರೂ ಅಳಿಸಿರಲಿಲ್ಲ.
ಸೋನಾಬಾಯಿ ಎಂಬ ಪುಟ್ಟ ಹುಡುಗಿ
(ತಡವಾಗಿ ಕೂತ ದನಿ ಅವಳದೇ)
ಕುಕ್ಕರಗಾಲಲ್ಲಿ ಕೂತು ಆರನೆಯದು ಬರೆದಳು:
ಮಾನಂದಾ.

'ಹ' ಬಿಟ್ಟು ಹೋಗಿತ್ತು.
ಕಮಲಾಪುರದಲ್ಲಿ ಹಿತ್ತಲ ಬಾಗಿಲಿಂದ
ಅವ್ವ ಕೂಗುವುದೂ ಹೀಗೆಯೇ.
'ಬರೋಬ್ಬರಿ ಅದನ್ರಿ?'
ತಪ್ಪು ತಿದ್ದುವುದಕ್ಕೇ ನನಗೆ ಸಂಬಳ,
ಅದೂ ಮೂರು ತಿಂಗಳು ತಡವಾಗಿ.
'ಬರೋಬ್ಬರಿ ಅದ' ಅಂದೆ.