ಒಂದಕ್ಕೊಂದು

ಹೊಳಪು ಹಾಕುವುದು ನನ್ನ ಕೆಲಸವಾಗಿತ್ತು.
ಬೀಜಿಂಗಿನ ನಾಲ್ಕನೇ ಮಹಡಿ, ತಿರುಗುವ ಬಟ್ಟೆಯ ತಟ್ಟೆ,
ಅಂಟಿನ ಗುಂಡಿಯೊಳಗೆ ಹೂತ ಮರಳು.
ಬೆರಳ ತುದಿಯ ಗೆರೆಗಳೆಲ್ಲ ಸವೆದಿದ್ದವು.
ಕದ್ದರೂ ನೀನು ಸಿಕ್ಕಿಬೀಳುವುದಿಲ್ಲ
ಎಂದು ಚೂ ವೆನ್‌ಷಾನ್ ನಗಾಡುತ್ತಿದ್ದ.

ಮರಳು ಬಂದದ್ದು ಉತ್ತರದ ಬೆಟ್ಟಗಳಿಂದ,
ಕೆಂಪುಕಲ್ಲು ಎಂಬ ಹೆಸರಿನ ಊರಿಂದ.
ಗೆಂಗ್ ಸ್ಯೂಝಿ ಎಂಬಾಕೆ
ಹಿಮಗಡ್ಡೆ ಒಡೆದು ತೊರೆಯಲ್ಲಿ ಮೊಣಕಾಲೂರಿ
ಮರದ ತಟ್ಟೆಯಲ್ಲಿ ಜಾಲಿಸಿ, ಹಗುರಾದುದನ್ನೆಲ್ಲ ಹರಿಯಬಿಟ್ಟು,
ಜಗ್ಗದೆ ಉಳಿದುದನ್ನು ಬೆಂಕಿಪೊಟ್ಟಣದಲ್ಲಿ ಕಳಿಸಿದ್ದಳು.
ಎತ್ತಿದ ಕೈಗೆ ಪೊಟ್ಟಣ ಸುಳ್ಳು ಹೇಳಿದಂತಿತ್ತು:
ಇಷ್ಟು ಪುಟ್ಟದು, ಇಷ್ಟು ಭಾರ.

ಕೆಂಪೇನಲ್ಲ ಅದು.
ಸೀಸದ ಬೂದು, ಮೇಲೆ ಎಳ್ಳಷ್ಟು ಕಂಚು.
ತಾಮ್ರಕ್ಕಿಂತ ಗಟ್ಟಿ, ಗಾಜಿಗಿಂತ ಮೆತ್ತಗೆ,
ಅಷ್ಟೇ ನೀರಿಗೆ ಹದಿನೈದು ಪಟ್ಟು ಮಿಕ್ಕಿದ ತೂಕ.
ಕಾಂತ ಹಿಡಿದು ಕರೆದರೆ
ತಿರುಗಿಯೂ ನೋಡದು.

ಎಣಿಸಿದರೆ ಒಂದಕ್ಕೊಂದು:
ಪ್ಲಾಟಿನಂ ಪರಮಾಣು ಒಂದು, ತಾಮ್ರದ್ದು ಒಂದು.
ತೂಗಿದರೆ ಮೂರಕ್ಕೊಂದು.
ತಕ್ಕಡಿಯ ಲೆಕ್ಕ ಬೇರೆ, ಪಂಕ್ತಿಯ ಲೆಕ್ಕ ಬೇರೆ
ಎಂದು ಆ ಮೇಜಿನ ಮುಂದೆ ನನಗೆ ಹೊಳೆದದ್ದು
ಮದುವೆಯಾಗಿ ಹತ್ತನೆಯ ವರ್ಷದಲ್ಲಿ.

ಮೊದಲ ಓದಿನಲ್ಲಿ ಇಬ್ಬರ ನಡುವೆ ಮೂರನೆಯದು ಕಂಡಿತ್ತು,
ಪಾಷಾಣ.
ಹೆಸರಿಟ್ಟರು, ಹಾಳೆಗೆ ಮೊಹರು ಬಿತ್ತು.
ವರ್ಷಗಳಾದ ಮೇಲೆ ತಿಳಿಯಿತು, ವಿಷ ಪಕ್ಕದ ಕಣದ್ದು;
ನಮ್ಮ ಕಿರಣವೇ ತುಸು ದಪ್ಪಗಿತ್ತು,
ನೆರೆಮನೆಯ ಹೊಸ್ತಿಲನ್ನೂ ತುಳಿದಿತ್ತು.
ವೆನ್‌ಷಾನ್ ತಿದ್ದುಪಡಿಯ ಹಾಳೆ ಟೈಪು ಮಾಡಿ
ಕನ್ನಡಕ ಒರೆಸಿಕೊಂಡ, ಅಷ್ಟೇ.
ಅನುಮಾನ ಹೊತ್ತು ಇಷ್ಟು ದಿನ ಸುಮ್ಮನಿದ್ದುದು
ಕಲ್ಲಾದ್ದರಿಂದ.

ಕುಲ ಗೊತ್ತಾಗಿದ್ದು ಫಿಲ್ಮಿನ ಗೆರೆಗಳಿಂದ.
ಕಾದು ಕೆಂಪಗಿದ್ದಾಗ ಅವಕ್ಕೆ ಜಾಗದ ಹಂಗಿಲ್ಲವಂತೆ,
ಹಬ್ಬದ ಹಿಂದಿನ ರಾತ್ರಿಯ ರೈಲಿನಲ್ಲಿ
ಯಾರ ತೊಡೆಯ ಮೇಲೆ ಯಾರ ಗಂಟೋ, ಹಾಗೆ.
ಆರುತ್ತ ಆರುತ್ತ ಸಾಲಾಗುತ್ತವೆ,
ತಾಮ್ರದ್ದೊಂದು ಪದರ, ಪ್ಲಾಟಿನಂನದೊಂದು,
ಮತ್ತೆ ತಾಮ್ರ,
ಘನದ ಈ ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ.
ಸಾಲಾದದ್ದಕ್ಕೆ ಬೆಲೆಯೂ ಉಂಟು:
ಘನ ಕೂದಲೆಳೆಯಷ್ಟು ವಾಲುತ್ತದೆ.
ಒಂದಾಗಿದ್ದ ಗೆರೆ ಎರಡಾಗಿ ಸೀಳುತ್ತದೆ.
ಆ ವಾಲಿಕೆಯೊಂದಕ್ಕೇ ಅದರ ವರ್ಗ ಬೇರೆ,
ಪುಸ್ತಕದಲ್ಲಿ ಪುಟ ಬೇರೆ.

ಯಾರಿಗೂ ಹೇಳದ ಮಾತೊಂದಿದೆ.
ಗುಂಡಿಯಲ್ಲಿ ಮೊದಲು ಕಣಗಳು ಆರು ಇದ್ದವು.
ರಾತ್ರಿಪಾಳಿಯ ಮರುದಿನ ತೂಕಡಿಸಿದೆ,
ತಟ್ಟೆ ಒಂದೂವರೆ ನಿಮಿಷ ಹೆಚ್ಚು ತಿರುಗಿತು.
ಭೂದರ್ಶಕದಷ್ಟೇ ನಿಷ್ಠುರ ಆ ಸೂಕ್ಷ್ಮದರ್ಶಕ:
ಆರನೆಯದರ ಜಾಗದಲ್ಲಿ ಬರೀ ಗುಂಡಿ, ಕಪ್ಪು.
ಐದು ಎಂದು ಬರೆದೆ.
ಬಟ್ಟೆ ಹಿಂಡಿದ ನೀರು ಕೊಳಾಯಿಯಲ್ಲಿ ಹೋಯಿತು.

ಆಮೇಲೊಂದು ಶರತ್ಕಾಲ ಊರಿಗೇ ಹೋದೆ.
ಗೆಂಗ್ ಸ್ಯೂಝಿ ಬಿಸಿ ಇಟ್ಟಿಗೆಯ ಜಗುಲಿ ಮೇಲೆ ಕೂರಿಸಿ
ಓಟ್ಸ್ ಹಿಟ್ಟಿನ ರೊಟ್ಟಿ ಕೊಟ್ಟು ಕೇಳಿದಳು:
ಅದರಿಂದ ಏನು ಮಾಡುತ್ತಾರೆ?
ಏನೂ ಇಲ್ಲ, ಏನಾದರೂ ಮಾಡುವಷ್ಟು ಇಲ್ಲ.
ಹಾಗಾದರೆ ಒಳಗೆ ಹೇಗಿದೆ?
ಮೇಜಿನ ದೂಳಿನಲ್ಲಿ ಓರೆಗೆರೆಗಳನ್ನು ಎಳೆದು ತೋರಿಸಿದೆ.
ಆಕೆ ಕಿಟಕಿಗೆ ಅಂಟಿಸುವ ಕೆಂಪು ಕಾಗದ ತೆಗೆದು
ಮೂಲೆಗೆ ಮೂಲೆ ಸೇರಿಸಿ ಮಡಿಚಿ ಕತ್ತರಿ ಆಡಿಸಿದಳು.
ಇನ್ನೊಂದು ಬಣ್ಣ ಮನೆಯಲ್ಲಿರಲಿಲ್ಲ.
ಬಿಡಿಸಿದಾಗ ಒಂದು ಸಾಲು ಕಾಗದ,
ಒಂದು ಸಾಲು ಬೆಳಕು.

ಆಗ ಹೇಳಿದೆ, ಆರನೆಯದರ ವಿಷಯ.
ಆಕೆ ಕಾಗದದ ಚೂರುಗಳನ್ನು ಒಲೆಗೆ ಗುಡಿಸಿದಳು.
ತೊರೆಯಲ್ಲಿ ನನ್ನ ಕೈಯಿಂದ ಎಷ್ಟು ಜಾರಿತೋ
ಎಂದಳು,
ಆಲೂಗಡ್ಡೆ ಸುಲಿಯಲು ಕೂತಳು.